ಬೆಂಕಿ ಕಾಣದ ಮಾಂಸ ತಟ್ಟೆಗೆ ಬಂದಾಗ

ಪ್ರಶ್ನೆ: ನಾನು ಬೆಂಗಳೂರಿನ ಶ್ರೀರಾಂಪುರದಲ್ಲಿ ಹುಟ್ಟಿ ಬೆಳೆದವನು. ಕಳೆದ ವರ್ಷದಿಂದ ಕೆಲಸದ ಮೇಲೆ ಬರ್ಲಿನ್‌ನಲ್ಲಿದ್ದೇನೆ. ಮನೆಯಲ್ಲಿ ಕುರಿ, ಕೋಳಿ, ಮೀನು ತಿನ್ನುತ್ತೇವೆ. ತಲೆಕಾಲು, ಬೋಟಿ, ಮೆದುಳು ಎಲ್ಲವೂ ನನಗೆ ಇಷ್ಟ. ಹಂದಿ ಮಾಂಸ ತಿನ್ನಲು ಶುರು ಮಾಡಿದ್ದು ಇಲ್ಲಿಗೆ ಬಂದ ಮೇಲೆ. ನಮ್ಮ ಕಚೇರಿಯಲ್ಲಿ ಆಗಾಗ ಬೆಳಗಿನ ತಿಂಡಿಗೆ ಹಂದಿಯ ಹಸಿ ಕೈಮವನ್ನು ಬನ್ನಿನ ಮೇಲೆ ಹಚ್ಚಿ ಕೊಡುತ್ತಾರೆ. ಕುದುರೆ ಮಾಂಸ, ರಕ್ತದ ಸಾಸೇಜ್, ಕಾಡುಹಂದಿಯೂ ಸಿಗುತ್ತವೆ. ಸದ್ಯದಲ್ಲೇ ಜಪಾನಿಗೆ ಹೋಗಬೇಕಾಗಿದೆ, ಬರುವಾಗ ವಿಯೆಟ್ನಾಂ ನೋಡಿಕೊಂಡು ಬರುವ ಯೋಚನೆಯಿದೆ. ನಾಲ್ಕು ತಿಂಗಳ ಗರ್ಭಿಣಿಯಾಗಿರುವ ಹೆಂಡತಿ ಇಲ್ಲಿಗೆ ಬರುತ್ತಿದ್ದಾಳೆ. ಹೊಸದನ್ನೆಲ್ಲ ರುಚಿ ನೋಡುವ ಆಸೆ ನನ್ನದು. ಅಮ್ಮ ಮಾತ್ರ ಫೋನ್ ಮಾಡಿದಾಗಲೆಲ್ಲ ‘ಕಂಡದ್ದನ್ನೆಲ್ಲ ತಿನ್ನಬೇಡ’ ಎನ್ನುತ್ತಾರೆ. ಏನನ್ನು ತಿನ್ನಬಹುದು, ಏನನ್ನು ಬಿಡಬೇಕು?

ಉತ್ತರ: ನಿಮ್ಮ ಅಮ್ಮನ ಕಾಳಜಿ ಸರಿಯಾದದ್ದೇ. ಆದರೆ ಅವರು ಹೆದರುತ್ತಿರುವ ತಿನಿಸುಗಳು ಬೇರೆ, ಹೆದರಬೇಕಾದ ತಿನಿಸುಗಳು ಬೇರೆ. ಕುದುರೆ, ರಕ್ತದ ಸಾಸೇಜ್, ಸುಟ್ಟ ಕುರಿತಲೆ ಎಂದರೆ ಕೇಳಿದವರು ಮೂಗು ಮುರಿಯುತ್ತಾರೆ. ಚೆನ್ನಾಗಿ ಬೆಂದಿದ್ದರೆ ಇವುಗಳಿಂದ ನಿಮಗೆ ಕೇಡಿಲ್ಲ. ಕೋಳಿ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಜಪಾನಿನ ಕೆಲವು ಊರುಗಳಲ್ಲಿ ಅದೇ ಕೋಳಿಯನ್ನು ಹಸಿಯಾಗಿಯೇ ಹೆಚ್ಚಿ ಮುಂದಿಡುತ್ತಾರೆ, ಅದರಿಂದ ನೀವು ದೂರವಿರಬೇಕು. ಪ್ರಾಣಿ ಯಾವುದು ಎನ್ನುವುದು ಮನಸ್ಸಿಗೆ, ಮನೆಯ ಪದ್ಧತಿಗೆ, ನಂಬಿಕೆಗೆ ಬಿಟ್ಟದ್ದು. ದೇಹ ಕೇಳುವ ಪ್ರಶ್ನೆ ಬೇರೆ: ಈ ಮಾಂಸ ಬೆಂಕಿ ಕಂಡಿದೆಯೇ? ಕಂಡಿಲ್ಲವಾದರೆ ಬೆಂಕಿ ಮಾಡಬೇಕಿದ್ದ ಕೆಲಸವನ್ನು ಇನ್ನಾವುದು ಮಾಡಿದೆ?

ಬೆಂಗಳೂರಿನಲ್ಲಿ ಈ ಪ್ರಶ್ನೆಯೇ ನಮಗೆ ಏಳುವುದಿಲ್ಲ. ಭಾನುವಾರ ಬೆಳಿಗ್ಗೆ ಮಟನ್ ಅಂಗಡಿಯ ಮುಂದೆ ಸಾಲು ನಿಲ್ಲುತ್ತೇವೆ. ಕುರಿ ಕೊಕ್ಕೆಗೆ ತೂಗುಬಿದ್ದಿರುತ್ತದೆ, ಅಂಗಡಿಯಲ್ಲಿ ಫ್ರಿಜ್ ಇರುವುದಿಲ್ಲ, ರಸ್ತೆಯ ದೂಳು, ನೊಣ ಎಲ್ಲವೂ ಇರುತ್ತವೆ. ಬೋಟಿಯನ್ನು ಪ್ಲಾಸ್ಟಿಕ್ ಕವರಿಗೆ ತುಂಬಿಸಿಕೊಂಡು ಬರುತ್ತೇವೆ. ಮನೆಯಲ್ಲಿ ಸುಣ್ಣದ ನೀರಿನಲ್ಲೋ ಬಿಸಿನೀರಿನಲ್ಲೋ ಉಜ್ಜಿ ತೊಳೆದು ಕುಕ್ಕರಿಗೆ ಹಾಕುತ್ತೇವೆ. ಕುಕ್ಕರಿನ ಒಳಗೆ ಶಾಖ ಸುಮಾರು 120 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಐದಾರು ವಿಷಲ್ ಆಗುವಷ್ಟರಲ್ಲಿ ಅಂಗಡಿಯಿಂದ ಬಂದ ರೋಗಾಣು, ಹುಳು, ಮೊಟ್ಟೆ ಯಾವುದೂ ಉಳಿದಿರುವುದಿಲ್ಲ. ಅದರ ಮೇಲೆ ಮಸಾಲೆ ಹಾಕಿ ಮತ್ತೊಮ್ಮೆ ಕುದಿಸುತ್ತೇವೆ. ಹೆಬ್ಬಾಳದಲ್ಲಿ ಪಶುವೈದ್ಯ ವಿದ್ಯಾರ್ಥಿಗಳಿಗೆ ಮಾಂಸ ತಪಾಸಣೆಯ ಪಾಠ ಹೇಳುತ್ತಿದ್ದಾಗ ನಾನು ಮೊದಲು ಹೇಳುತ್ತಿದ್ದುದು ಇದನ್ನೇ. ನಮ್ಮ ನಾಡಿನಲ್ಲಿ ಮಾಂಸದ ಕೊನೆಯ ತಪಾಸಣೆ ನಡೆಯುವುದು ಒಲೆಯ ಮೇಲೆ, ಅದನ್ನು ಮಾಡುತ್ತಿರುವವರು ಅಡುಗೆಮನೆಯ ಹೆಂಗಸರು. ನೀವು ಇಷ್ಟು ವರ್ಷ ತಲೆ, ಕಾಲು, ಕರುಳು ತಿಂದು ಆರೋಗ್ಯವಾಗಿರುವುದು ಹೊಟ್ಟೆ ಗಟ್ಟಿ ಎಂಬ ಕಾರಣಕ್ಕಲ್ಲ, ಅಮ್ಮನ ಕೈಯ ಹದದಿಂದ. ಆ ಕಾವಲು ಬರ್ಲಿನ್‌ನ ಬನ್ನಿನ ಮೇಲೆ ಇಲ್ಲ.

ಹಾಗಾದರೆ ಅಲ್ಲಿ ಏನಿದೆ ನೋಡೋಣ. ನಿಮ್ಮ ಕಚೇರಿಯ ತಿಂಡಿಗೆ ಮೆಟ್ ಎನ್ನುತ್ತಾರೆ, ಬರ್ಲಿನ್ ಕಡೆ ಹಾಕೆಪೇಟರ್ ಎಂಬ ಹೆಸರೂ ಇದೆ. ಹಂದಿಯ ಹಸಿ ಕೈಮ, ಉಪ್ಪು, ಮೆಣಸು, ಮೇಲೆ ಹೆಚ್ಚಿದ ಈರುಳ್ಳಿ, ಅಷ್ಟೇ. ಇದನ್ನು ಒಂದು ಇಡೀ ದೇಶ ಧೈರ್ಯವಾಗಿ ತಿನ್ನುತ್ತಿದೆ ಎಂದರೆ ಅದರ ಹಿಂದೆ ಒಂದು ಸಂಕಟದ ಚರಿತ್ರೆಯಿದೆ. ಹಂದಿಯ ಸ್ನಾಯುಗಳಲ್ಲಿ ಸುರುಳಿ ಸುತ್ತಿಕೊಂಡು ಮಲಗುವ ಟ್ರೈಕಿನೆಲ್ಲ ಎಂಬ ಹುಳುವನ್ನು 1835ರಲ್ಲಿ ಲಂಡನ್ನಿನಲ್ಲಿ ಮನುಷ್ಯನ ಶವದಲ್ಲಿ ಗುರುತಿಸಿದ್ದರು. ಆಗ ಅದನ್ನು ನಿರುಪದ್ರವಿ ಎಂದುಕೊಂಡಿದ್ದರು. 1860ರಲ್ಲಿ ಡ್ರೆಸ್ಡೆನ್‌ನ ವೈದ್ಯ ಫ್ರೀಡ್ರಿಕ್ ಝೆಂಕರ್ ಅದು ಮನುಷ್ಯನನ್ನು ಕೊಲ್ಲಬಲ್ಲದು ಎಂದು ತೋರಿಸಿದರು. 1865ರಲ್ಲಿ ಹೆಡರ್ಸ್‌ಲೆಬೆನ್ ಎಂಬ ಹಳ್ಳಿಯಲ್ಲಿ ಹುಳು ಹತ್ತಿದ್ದ ಹಂದಿಯ ಮಾಂಸ ತಿಂದು 300ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, 100ರಷ್ಟು ಜನ ಸತ್ತರು. ಬರ್ಲಿನ್‌ನ ಮಹಾ ವೈದ್ಯ ರುಡಾಲ್ಫ್ ವಿರ್ಕೋ ಪ್ರತಿ ಹಂದಿಯನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು ಎಂದು ಪಟ್ಟು ಹಿಡಿದರು. ಮಾಂಸದ ವ್ಯಾಪಾರಿಗಳು ಕೂಗಾಡಿದರು. ಕೊನೆಗೆ ವಿರ್ಕೋ ಹೇಳಿದ್ದೇ ಕಾನೂನಾಯಿತು.

ಇವತ್ತಿಗೂ ಆ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಬನ್ನಿನ ಮೇಲಿನ ನಂಬಿಕೆ ನಿಂತಿರುವುದು ಇದರ ಮೇಲೆ. ಕಸಾಯಿಖಾನೆಯಲ್ಲಿ ಹಂದಿಯ ಎದೆಗೂಡಿಗೂ ಹೊಟ್ಟೆಗೂ ನಡುವೆ ಇರುವ ವಪೆಯ ಬುಡದಿಂದ ಒಂದು ಚೂರು ಕತ್ತರಿಸುತ್ತಾರೆ. ಈ ಹುಳುವಿಗೆ ಸದಾ ದುಡಿಯುವ ಸ್ನಾಯು ಇಷ್ಟ, ವಪೆ ಉಸಿರು ನಿಲ್ಲುವವರೆಗೆ ದುಡಿಯುತ್ತದೆ. ಒಂದೊಂದು ಹಂದಿಯಿಂದ ಒಂದು ಗ್ರಾಮಿನಂತೆ 100 ಹಂದಿಗಳ ಚೂರುಗಳನ್ನು ಒಟ್ಟಿಗೆ ಅರೆದು, ಪೆಪ್ಸಿನ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿದ ಬೆಚ್ಚನೆಯ ನೀರಿನಲ್ಲಿ ತಿರುಗಿಸುತ್ತಾರೆ. ಅಂದರೆ ಜಠರದಲ್ಲಿ ಆಗುವ ಜೀರ್ಣಕ್ರಿಯೆಯನ್ನು ಗಾಜಿನ ಪಾತ್ರೆಯಲ್ಲಿ ಮಾಡಿಸುತ್ತಾರೆ. ಮಾಂಸ ಕರಗುತ್ತದೆ, ಹುಳುವಿನ ಮರಿಗಳಿದ್ದರೆ ಕರಗದೆ ತಳಕ್ಕೆ ಇಳಿಯುತ್ತವೆ. ಆ ತಳದ ನೀರನ್ನು ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ಒಂದೇ ಒಂದು ಮರಿ ಕಂಡರೂ ಆ ಗುಂಪಿನ ಹಂದಿಗಳನ್ನೆಲ್ಲ ಮತ್ತೆ ಬಿಡಿಬಿಡಿಯಾಗಿ ಪರೀಕ್ಷಿಸಿ, ಹುಳುವಿರುವುದನ್ನು ಪತ್ತೆ ಹಚ್ಚಿ ಬಿಸಾಡುತ್ತಾರೆ. ಇದರ ಜೊತೆಗೆ ತಂಪಿನ ಶಿಸ್ತಿದೆ: ಐರೋಪ್ಯ ಒಕ್ಕೂಟದ ನಿಯಮದಂತೆ ಕೈಮ ತಯಾರಿಸುವ ಕಾರ್ಖಾನೆಯಲ್ಲಿ ಅದರ ಶಾಖ 2 ಡಿಗ್ರಿ ದಾಟುವಂತಿಲ್ಲ. ಒಳ್ಳೆಯ ಮಾಂಸದಂಗಡಿಯವರು ಬೆಳಿಗ್ಗೆ ಅರೆದ ಹಸಿ ಕೈಮವನ್ನು ಅಂದೇ ಮಾರಿ ಮುಗಿಸುತ್ತಾರೆ.

ಇಷ್ಟೆಲ್ಲ ಮಾಡಿದರೂ ಆ ಗಾಜಿನ ಪಾತ್ರೆ ಹಿಡಿಯುವುದು ಒಂದು ಹುಳುವನ್ನು ಮಾತ್ರ. ಸಾಲ್ಮೊನೆಲ್ಲ, ಯೆರ್ಸಿನಿಯ ಎಂಬ ಬ್ಯಾಕ್ಟೀರಿಯಾಗಳು, ಟಾಕ್ಸೊಪ್ಲಾಸ್ಮ ಎಂಬ ಪರಾವಲಂಬಿ, ಹೆಪಟೈಟಿಸ್-ಇ ವೈರಸ್ ಅದರ ಕಣ್ಣಿಗೆ ಬೀಳುವುದಿಲ್ಲ. ಹೆಪಟೈಟಿಸ್-ಇ ಎಂದರೆ ನಮ್ಮಲ್ಲಿ ಕೊಳಕು ನೀರಿನಿಂದ ಬರುವ ಕಾಮಾಲೆ. ಜರ್ಮನಿಯಲ್ಲಿ ಹರಡುವುದು ಅದರ ಇನ್ನೊಂದು ತಳಿ, ಅದು ಹೆಚ್ಚಾಗಿ ಬರುವುದು ಸರಿಯಾಗಿ ಬೇಯದ ಹಂದಿ ಮಾಂಸ ಮತ್ತು ಈಲಿಯಿಂದ. ಯೆರ್ಸಿನಿಯದಿಂದ ಜ್ವರ, ಹೊಟ್ಟೆನೋವು, ಭೇದಿ ಶುರುವಾಗಿ, ನೋವು ಎಷ್ಟೋ ವೇಳೆ ಅಪೆಂಡಿಸೈಟಿಸ್‌ನಂತೆಯೇ ಕಾಣಿಸುತ್ತದೆ. ಜರ್ಮನಿಯಲ್ಲಿ ಅದಕ್ಕೆ ಮುಖ್ಯ ದಾರಿ ಈ ಹಸಿ ಕೈಮವೇ. ಆದ್ದರಿಂದಲೇ ಅಲ್ಲಿನ ಆಹಾರ ಸುರಕ್ಷತೆಯ ಸಂಸ್ಥೆಗಳು ಮಕ್ಕಳು, ಗರ್ಭಿಣಿಯರು, ವಯಸ್ಸಾದವರು ಮತ್ತು ರೋಗನಿರೋಧಕ ಶಕ್ತಿ ಕುಗ್ಗಿದವರು ಹಸಿ ಕೈಮ ಮುಟ್ಟಬಾರದು ಎಂದು ಹೇಳುತ್ತಲೇ ಇವೆ.

ನಿಮಗೆ ನನ್ನ ಸಲಹೆ ಇಷ್ಟು. ನೀವು ಆರೋಗ್ಯವಂತ ಗಂಡಸು. ಅಂದೇ ಅರೆದು ಫ್ರಿಜ್‌ನಿಂದ ಆಗತಾನೇ ತೆಗೆದ, ಒಳ್ಳೆಯ ಅಂಗಡಿಯ ಮೆಟ್ಟನ್ನು ಒಮ್ಮೆ ರುಚಿ ನೋಡಬೇಕೆನಿಸಿದರೆ ನಾನು ಅಡ್ಡ ಬರುವುದಿಲ್ಲ. ಅದನ್ನು ಅಭ್ಯಾಸ ಮಾಡಿಕೊಳ್ಳಬೇಡಿ. ಎಂಟು ಗಂಟೆಗೆ ತಂದು ಹನ್ನೊಂದರವರೆಗೆ ಕಾನ್ಫರೆನ್ಸ್ ಕೋಣೆಯ ಮೇಜಿನ ಮೇಲಿಟ್ಟಿದ್ದ ತಟ್ಟೆಗೆ ಕೈ ಹಾಕಲೇಬೇಡಿ, ಅಷ್ಟು ಹೊತ್ತಿಗೆ ತಂಪಿನ ಕಾವಲೂ ಹೋಗಿರುತ್ತದೆ. ಮನೆಗೆ ಕಟ್ಟಿಸಿಕೊಂಡು ಹೋಗಬೇಡಿ.

ಇದೇ ಕೈಮವನ್ನು ಇಡೀ ಮಾಂಸದ ತುಂಡಿನೊಂದಿಗೆ ಗೊಂದಲ ಮಾಡಿಕೊಳ್ಳಬೇಡಿ. ಜರ್ಮನ್ನರು ಸ್ಟೇಕ್ ಕತ್ತರಿಸಿದಾಗ ಒಳಗೆ ಕೆಂಪಗೆ ಕಾಣುವುದನ್ನು ನೋಡಿ ನಮ್ಮವರು ಬೆಚ್ಚುತ್ತಾರೆ. ಆರೋಗ್ಯವಂತ ಪ್ರಾಣಿಯ ಮಾಂಸದ ಗಟ್ಟಿ ತುಂಡಿನಲ್ಲಿ ಬ್ಯಾಕ್ಟೀರಿಯಾಗಳು ಹೊರಮೈಯಲ್ಲಷ್ಟೇ ಇರುತ್ತವೆ, ಕಾದ ಕಾವಲಿ ಅವನ್ನು ಸುಟ್ಟುಬಿಡುತ್ತದೆ. ಕೈಮ ಮಾಡಿದಾಗ ಹೊರಮೈಯಲ್ಲಿದ್ದದ್ದು ಒಳಗೆಲ್ಲ ಬೆರೆತುಹೋಗುತ್ತದೆ. ಅಮೆರಿಕದ ಕೃಷಿ ಇಲಾಖೆ ಇಡೀ ತುಂಡಿಗೆ 63 ಡಿಗ್ರಿ ಮುಟ್ಟಿಸಿ ಮೂರು ನಿಮಿಷ ಬಿಟ್ಟರೆ ಸಾಕು ಎನ್ನುತ್ತದೆ, ಕೈಮಕ್ಕೆ 71 ಡಿಗ್ರಿ, ಕೋಳಿಗೆ 74 ಡಿಗ್ರಿ ಬೇಕು ಎನ್ನುತ್ತದೆ. ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್ ಬರ್ಲಿನ್‌ನ ಯಾವ ಅಡುಗೆ ಸಾಮಾನಿನ ಅಂಗಡಿಯಲ್ಲಾದರೂ ಕಡಿಮೆ ಬೆಲೆಗೆ ಸಿಗುತ್ತದೆ. ದಯವಿಟ್ಟು ಒಂದು ಕೊಂಡುಕೊಳ್ಳಿ. ಬಣ್ಣ ನೋಡಿ ಬೆಂದಿದೆಯೇ ಎಂದು ಹೇಳುವುದು ನಂಬಿಕೆಗೆ ಅರ್ಹವಲ್ಲ.

ರಕ್ತದ ಸಾಸೇಜ್ ಬಗ್ಗೆ ಹಿಂಜರಿಕೆ ಬೇಡ. ಬ್ಲುಟ್‌ವುರ್ಸ್ಟ್ ಬೇಯಿಸಿಯೇ ತಯಾರಾಗುವ ತಿನಿಸು. ನಮ್ಮ ಹಳೆ ಮೈಸೂರಿನ ಮನೆಗಳಲ್ಲಿ ಕುರಿಯ ರಕ್ತವನ್ನು ಹೆಪ್ಪುಗಟ್ಟಿಸಿ, ಬೇಯಿಸಿ, ಈರುಳ್ಳಿ ಹಸಿಮೆಣಸಿನಕಾಯಿಯೊಂದಿಗೆ ಪಲ್ಯ ಮಾಡುತ್ತಾರಲ್ಲ, ಅದನ್ನು ತಿಂದವರಿಗೆ ಇದು ಹೊಸದೇನಲ್ಲ. ಕುದುರೆ ಮಾಂಸವೂ ಹಾಗೆಯೇ. ರೈನ್‌ಲ್ಯಾಂಡ್ ಕಡೆಯ ಸೌವರ್‌ಬ್ರಾಟನ್ ಎಂಬ ಹುಳಿ ಮಾಂಸದ ಅಡುಗೆಯನ್ನು ಹಿಂದೆ ಕುದುರೆಯಿಂದಲೇ ಮಾಡುತ್ತಿದ್ದರು. ಗಂಟೆಗಟ್ಟಲೆ ಬೆಂದ ಆ ತುಂಡು ಮೃದುವಾಗಿ, ತುಸು ಸಿಹಿಯಾಗಿರುತ್ತದೆ. ತಿನ್ನುವುದು ಬಿಡುವುದು ನಿಮ್ಮ ಮನಸ್ಸಿಗೆ ಬಿಟ್ಟದ್ದು, ಆರೋಗ್ಯದ ದೃಷ್ಟಿಯಿಂದ ನನ್ನ ತಕರಾರಿಲ್ಲ.

ನಿಮಗೆ ತಲೆ, ಕಾಲು, ಬೋಟಿ ಇಷ್ಟ ಎಂದಿರಿ. ಬರ್ಲಿನ್‌ನಲ್ಲಿದ್ದುಕೊಂಡು ನೀವು ಮೊದಲು ಹುಡುಕಬೇಕಾದದ್ದು ಕ್ರೊಯಿಟ್ಸ್‌ಬೆರ್ಗ್, ನೊಯ್‌ಕೊಲ್ನ್ ಬಡಾವಣೆಗಳ ತುರ್ಕಿ ಊಟದ ಮನೆಗಳನ್ನು. ಅಲ್ಲಿ ಇಶ್ಕೆಂಬೆ ಎಂಬ ಕುರಿ ಹೊಟ್ಟೆಯ ಸೂಪ್ ಸಿಗುತ್ತದೆ, ಬೆಳ್ಳುಳ್ಳಿ ಮತ್ತು ವಿನೆಗರ್ ಬೆರೆಸಿಕೊಂಡು ಕುಡಿಯುತ್ತಾರೆ. ಕೆಲ್ಲೆ ಪಾಚಾ ಎಂಬ ತಲೆ–ಕಾಲಿನ ಸೂಪ್ ಸಿಗುತ್ತದೆ, ಶಿವಾಜಿನಗರದಲ್ಲಿ ನಸುಕಿನಲ್ಲೇ ಕಾಲು ಸೂಪು ಕುಡಿದವರಿಗೆ ಅದರ ಅಂಟು ತುಟಿಗೆ ಹತ್ತಿದ ಕೂಡಲೇ ಗೊತ್ತಾಗುತ್ತದೆ. ಇವು ತಾಸುಗಟ್ಟಲೆ ಕುದಿದ ಅಡುಗೆಗಳು, ನಿಶ್ಚಿಂತೆಯಿಂದ ತಿನ್ನಿ. ಮುಂದೆ ನಾರ್ವೆಗೆ ಹೋದರೆ ಸ್ಮಾಲಹೋವೆ, ಐಸ್‌ಲ್ಯಾಂಡಿಗೆ ಹೋದರೆ ಸ್ವಿಡ್ ಕೇಳಿ. ಎರಡೂ ಕುರಿತಲೆಯ ಅಡುಗೆಗಳೇ. ಕೂದಲು ಸುಟ್ಟು, ಕೆರೆದು, ಸೀಳಿ ಬೇಯಿಸುವ ಕ್ರಮವನ್ನು ನೋಡಿದರೆ ನಮ್ಮ ಹಳ್ಳಿಗಳಲ್ಲಿ ಹಬ್ಬದ ಮರುದಿನ ಬೆಂಕಿಯಲ್ಲಿ ತಲೆ ಸುಡುವವರ ನೆನಪಾಗುತ್ತದೆ. ಸ್ಮಾಲಹೋವೆಯಲ್ಲಿ ಕಣ್ಣು ಮತ್ತು ಕಿವಿಯ ಸುತ್ತಲಿನ ಮಾಂಸವನ್ನು ಮೊದಲು ತಿನ್ನಬೇಕೆನ್ನುತ್ತಾರೆ. ಕೊಬ್ಬು ಹೆಚ್ಚಿರುವ ಆ ಭಾಗ ಬಿಸಿಯಿರುವಾಗಲೇ ಚೆನ್ನ.

ಮೆದುಳಿನ ವಿಷಯ ಬೇರೆ. ಬೆಂಗಳೂರಿನ ಮಿಲಿಟರಿ ಹೋಟೆಲುಗಳಲ್ಲಿ ಸಿಗುವ ಮೆದುಳು ಫ್ರೈ ಯೂರೋಪಿನಲ್ಲಿ ಸುಲಭವಾಗಿ ಸಿಗುವುದಿಲ್ಲ, ಅದಕ್ಕೆ ಕಾರಣವಿದೆ. 1986ರಲ್ಲಿ ಬ್ರಿಟನ್ನಿನ ದನಗಳಲ್ಲಿ ಹುಚ್ಚು ದನದ ರೋಗ ಕಂಡಿತು. 1996ರಲ್ಲಿ ಅದು ಮನುಷ್ಯರಿಗೂ ಬರುತ್ತದೆ ಎಂದು ಗೊತ್ತಾಯಿತು. 2000ದ ಕೊನೆಗೆ ಜರ್ಮನಿಯ ದನಗಳಲ್ಲೂ ಕಾಣಿಸಿಕೊಂಡಿತು. ರೋಗಕ್ಕೆ ಕಾರಣವಾದ ಪ್ರಿಯಾನ್ ಎಂಬ ಕೆಟ್ಟ ಪ್ರೋಟೀನ್ ಕುದಿಸಿದರೂ ಸಾಯುವುದಿಲ್ಲ, ಏಕೆಂದರೆ ಅದಕ್ಕೆ ಜೀವವೇ ಇಲ್ಲ. ಬೆಂಕಿ ಸೋಲುವ ಅಪರೂಪದ ಪ್ರಸಂಗ ಇದು. ಅದಕ್ಕೇ ಐರೋಪ್ಯ ಒಕ್ಕೂಟದಲ್ಲಿ 12 ತಿಂಗಳು ದಾಟಿದ ದನ, ಕುರಿ, ಮೇಕೆಗಳ ಮೆದುಳು, ಕಣ್ಣು, ಬೆನ್ನುಹುರಿಯನ್ನು ಆಹಾರಕ್ಕೆ ಬಳಸುವಂತಿಲ್ಲ, ತೆಗೆದು ನಾಶ ಮಾಡಬೇಕು. ಎಳೆಯ ಕುರಿಯ ಮೆದುಳು ಅಂಗಡಿಯಲ್ಲಿ ನೇರವಾಗಿ ಸಿಕ್ಕರೆ ತಿನ್ನಿ. ಯಾರೋ ಗುಟ್ಟಾಗಿ ತಂದು ಕೊಟ್ಟರೆ ಬೇಡವೆನ್ನಿ.

ಹಂದಿ ತಿಂದರೆ ತಲೆಗೆ ಹುಳು ಹತ್ತುತ್ತದೆ ಎಂಬ ಮಾತನ್ನೂ ನಿಮ್ಮ ಅಮ್ಮ ಹೇಳಬಹುದು. ನಮ್ಮಲ್ಲಿ ಮೂರ್ಛೆರೋಗಕ್ಕೆ ಒಂದು ದೊಡ್ಡ ಕಾರಣ ಮೆದುಳಿನಲ್ಲಿ ಗೂಡು ಕಟ್ಟುವ ಲಾಡಿಹುಳುವಿನ ಮರಿಗಳು, ನಿಮ್ಹಾನ್ಸ್‌ನ ವೈದ್ಯರಿಗೆ ಇದು ಚಿರಪರಿಚಿತ. ಆದರೆ ಅದು ಬರುವುದು ಹಂದಿ ಮಾಂಸದಿಂದ ನೇರವಾಗಿ ಅಲ್ಲ. ಸರಿಯಾಗಿ ಬೇಯದ ಹಂದಿ ಮಾಂಸ ತಿಂದರೆ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಹಾಗೆ ಹುಳು ಹೊತ್ತವರ ಮಲದಲ್ಲಿ ಹೋಗುವ ಮೊಟ್ಟೆಗಳು ನೀರು, ಸೊಪ್ಪು, ತೊಳೆಯದ ಕೈಗಳ ಮೂಲಕ ಇನ್ನೊಬ್ಬರ ಬಾಯಿ ಸೇರಿದಾಗ ತಲೆಗೆ ಹತ್ತುತ್ತದೆ. ಹುಟ್ಟು ಸಸ್ಯಾಹಾರಿಗಳಿಗೂ ಈ ಕಾಯಿಲೆ ಬರುವುದು ಇದರಿಂದಲೇ. ಇದನ್ನು ಅವರಿಗೆ ನಿಧಾನವಾಗಿ ವಿವರಿಸಿ. ಅವರ ಅರ್ಧ ಭಯ ಅಲ್ಲಿಗೇ ಇಳಿಯುತ್ತದೆ.

ಈಗ ಜಪಾನ್. ಜರ್ಮನ್ನರು ಬೆಳಿಗ್ಗೆ ತಿನ್ನುವ ಹಸಿ ಹಂದಿಯನ್ನು ಜಪಾನಿನ ಹೋಟೆಲುಗಳು ಬಡಿಸುವಂತಿಲ್ಲ, 2015ರಲ್ಲಿ ಅಲ್ಲಿನ ಸರ್ಕಾರ ನಿಷೇಧಿಸಿದೆ. ಅದಕ್ಕೂ ಮೊದಲು 2011ರಲ್ಲಿ ಹಸಿ ದನದ ಮಾಂಸದ ಒಂದು ತಿನಿಸಿನಿಂದ ಇ. ಕೊಲೈ ಹರಡಿ ಐದು ಜನ ಸತ್ತಿದ್ದರು. ಮರುವರ್ಷವೇ ಹಸಿ ದನದ ಈಲಿಯನ್ನು ನಿಷೇಧಿಸಿದರು. ಕುಮಾಮೊಟೊ ಸೀಮೆಯ ಬಸಾಶಿ ಎಂಬ ಹಸಿ ಕುದುರೆ ಮಾಂಸ ಈಗಲೂ ಸಿಗುತ್ತದೆ. ಅಲ್ಲಿ ಬೆಂಕಿಯ ಕೆಲಸವನ್ನು ಮಂಜುಗಡ್ಡೆಯ ಚಳಿ ಮಾಡುತ್ತದೆ: ಕುದುರೆಯ ಸ್ನಾಯುವಿನಲ್ಲಿರುವ ಪರಾವಲಂಬಿಯನ್ನು ಕೊಲ್ಲಲು ಮಾಂಸವನ್ನು ಮೈನಸ್ 20 ಡಿಗ್ರಿಯಲ್ಲಿ 48 ಗಂಟೆಗೂ ಹೆಚ್ಚು ಕಾಲ ಇಡುತ್ತಾರೆ. ಒಳ್ಳೆಯ ಹೋಟೆಲಿನಲ್ಲಿ ಶುಂಠಿ, ಸೋಯಾ ಸಾಸ್ ಜೊತೆ ಒಂದೆರಡು ಹೋಳು ತಿಂದರೆ ಅಪಾಯ ಕಡಿಮೆ.

ಹಸಿ ಕೋಳಿಗೆ ಅಂಥ ಕಾವಲಿಲ್ಲ. ಕಾಗೊಶಿಮಾ, ಮಿಯಾಝಾಕಿ ಕಡೆ ಕೋಳಿಯ ಮೇಲ್ಮೈಯನ್ನು ತುಸು ಸುಟ್ಟು, ಒಳಗೆ ಹಸಿಯಾಗಿಯೇ ಹೆಚ್ಚಿ ಬಡಿಸುವುದು ಹಳೆಯ ರೂಢಿ. ತಮ್ಮದೇ ಶುಚಿತ್ವದ ಕಟ್ಟುಪಾಡುಗಳನ್ನೂ ಅಲ್ಲಿ ಮಾಡಿಕೊಂಡಿದ್ದಾರೆ. ಹಾಗಿದ್ದೂ ಬೇಡವೆನ್ನುತ್ತೇನೆ. ಕೋಳಿಯ ಕರುಳಿನಲ್ಲಿರುವ ಕ್ಯಾಂಪಿಲೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಕೆಲವೇ ನೂರರಷ್ಟು ಹೊಟ್ಟೆ ಸೇರಿದರೂ ರೋಗ ತರಬಲ್ಲದು. ಭೇದಿ ವಾರದಲ್ಲಿ ನಿಲ್ಲುತ್ತದೆ. ಆದರೆ ಕೆಲವರಲ್ಲಿ ಅದಾದ ಮೇಲೆ ಕಾಲಿನಿಂದ ಶುರುವಾಗಿ ಮೇಲಕ್ಕೇರುವ ನರದೌರ್ಬಲ್ಯ, ಗಿಲಾನ್–ಬಾರೆ ಎಂಬ ಕಾಯಿಲೆ, ಕಾಣಿಸಿಕೊಳ್ಳುತ್ತದೆ. ಅದು ಉಸಿರಾಟದ ಸ್ನಾಯುಗಳನ್ನೂ ಹಿಡಿಯಬಹುದು. ನಾಲಿಗೆಯ ಒಂದು ಕ್ಷಣಕ್ಕೆ ಇಷ್ಟು ಬೆಲೆ ತೆರಬಾರದು.

ಫುಗು ಮೀನಿನ ಬಗ್ಗೆ ನೀವು ಕೇಳಿಲ್ಲ. ಆದರೆ ಜಪಾನಿಗೆ ಹೋದವರಿಗೆ ಯಾರಾದರೂ ಆಸೆ ಹುಟ್ಟಿಸುವುದು ಖಂಡಿತ. ಅದರ ಈಲಿ ಮತ್ತು ಅಂಡಾಶಯದಲ್ಲಿರುವ ಟೆಟ್ರೊಡೊಟಾಕ್ಸಿನ್ ಎಂಬ ವಿಷ ಬೇಯಿಸಿದರೂ ಹೋಗುವುದಿಲ್ಲ, ಅದಕ್ಕೆ ಪ್ರತಿವಿಷವೂ ಇಲ್ಲ. 1975ರಲ್ಲಿ ಜಪಾನಿನ ಪ್ರಸಿದ್ಧ ಕಬುಕಿ ನಟ ಎಂಟನೆಯ ಬಾಂಡೊ ಮಿತ್ಸುಗೊರೊ ಫುಗುವಿನ ಈಲಿಯನ್ನು ತಾನು ಅರಗಿಸಿಕೊಳ್ಳಬಲ್ಲೆನೆಂದು ತಿಂದು ಕ್ಯೋಟೊದಲ್ಲಿ ಪ್ರಾಣ ಬಿಟ್ಟರು. ಈಗ ಆ ಮೀನಿನ ಈಲಿ ಬಡಿಸುವುದೇ ಕಾನೂನುಬಾಹಿರ. ಪರವಾನಗಿಯಿರುವ ಅಡುಗೆಯವರು ಕತ್ತರಿಸಿದ ಫುಗು ಮಾಂಸ ತಿನ್ನಬಹುದು, ಬೇರೆಲ್ಲೂ ಬೇಡ.

ವಿಯೆಟ್ನಾಂನಲ್ಲಿ ಅಡುಗೆ ಮಾಡುವ ಕ್ರಮ ನಮ್ಮದಕ್ಕೆ ಹತ್ತಿರ. ಕುದಿಯುವ ಸಾರು, ಸೊಪ್ಪು, ನಿಂಬೆ. ಸಾರಿನೊಳಗೆ ಹೆಪ್ಪುಗಟ್ಟಿಸಿದ ಹಂದಿ ರಕ್ತದ ಚೌಕಗಳು ಬಂದರೆ ಗಾಬರಿಯಾಗಬೇಡಿ, ಅವು ಬೆಂದಿರುತ್ತವೆ. ಆದರೆ ಟಿಯೆಟ್ ಕಾನ್ ಎಂಬ ಹಸಿ ರಕ್ತದ ತಿನಿಸನ್ನು ಯಾರು ಎಷ್ಟೇ ಪ್ರೀತಿಯಿಂದ ಕೊಟ್ಟರೂ ಮುಟ್ಟಬೇಡಿ. ಬಾತುಕೋಳಿಯ ಅಥವಾ ಹಂದಿಯ ಹಸಿ ರಕ್ತವನ್ನು ಹೆಚ್ಚಿದ ಮಾಂಸದ ಮೇಲೆ ಸುರಿದು, ಹೆಪ್ಪುಗಟ್ಟಿದ ಮೇಲೆ ಕಡಲೆಕಾಯಿ ಬೀಜ, ಸೊಪ್ಪು ಉದುರಿಸುತ್ತಾರೆ. ಹಂದಿಯ ರಕ್ತದಲ್ಲಿ ಸ್ಟ್ರೆಪ್ಟೊಕಾಕಸ್ ಸೂಯಿಸ್ ಎಂಬ ಬ್ಯಾಕ್ಟೀರಿಯಾ ಇರಬಹುದು. ಅದು ಮೆದುಳಿನ ಪೊರೆಗೆ ಉರಿಯೂತ ತರುತ್ತದೆ, ಬದುಕುಳಿದ ಎಷ್ಟೋ ಜನರ ಕಿವಿ ಶಾಶ್ವತವಾಗಿ ಕೇಳಿಸದಂತೆ ಮಾಡುತ್ತದೆ. ವಿಯೆಟ್ನಾಂನ ಆಸ್ಪತ್ರೆಗಳಿಗೆ ಇದು ಪರಿಚಿತ ರೋಗ. ಹಾಗೆಯೇ ಥೈಲ್ಯಾಂಡಿನ ಈಶಾನ್ಯದಲ್ಲಿ, ಲಾವೋಸ್‌ನಲ್ಲಿ ಸಿಹಿನೀರಿನ ಹಸಿ ಮೀನನ್ನು ನಿಂಬೆರಸದಲ್ಲಿ ಕಲಸಿ ತಿನ್ನುತ್ತಾರೆ. ಅದರಲ್ಲಿರುವ ಈಲಿಹುಳು ಪಿತ್ತನಾಳದ ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕವೇ ಹೇಳಿದೆ. ನಿಂಬೆಹುಳಿಯಾಗಲಿ ಖಾರವಾಗಲಿ ಜೊತೆಯಲ್ಲಿ ಕುಡಿಯುವ ಮದ್ಯವಾಗಲಿ ಬೆಂಕಿಗೆ ಸಾಟಿಯಲ್ಲ. ಮಾಂಸ ಬೆಳ್ಳಗಾಗುತ್ತದೆ, ಬೆಂದಂತೆ ಕಾಣುತ್ತದೆ, ಹುಳು ಬದುಕಿರುತ್ತದೆ.

ಕಾಡುಹಂದಿ, ಜಿಂಕೆ ಜರ್ಮನಿಯಲ್ಲಿ ಕಾನೂನುಬದ್ಧವಾಗಿ ಬೇಟೆಯಾಡಿ ಮಾರುವ ಮಾಂಸ. ಕಾಡುಹಂದಿಗೂ ಟ್ರೈಕಿನೆಲ್ಲ ಪರೀಕ್ಷೆ ಕಡ್ಡಾಯ. 1986ರ ಚೆರ್ನೋಬಿಲ್ ದುರಂತದ ವಿಕಿರಣಶೀಲ ಸೀಸಿಯಂ ಬವೇರಿಯಾದ ಕಾಡುಗಳಲ್ಲಿ ಇನ್ನೂ ಉಳಿದಿದೆ. ಮಣ್ಣು ಕೆದಕಿ ಅಣಬೆ ತಿನ್ನುವ ಹಂದಿಗಳ ಮಾಂಸವನ್ನು ಅಳೆಯುತ್ತಾರೆ, ವಿಕಿರಣದ ಅಳತೆ ಕಿಲೋಗೆ 600 ಬೆಕೆರೆಲ್ ದಾಟಿದರೆ ಮಾರುವಂತಿಲ್ಲ. ಆದ್ದರಿಂದ ಅಂಗಡಿಯಿಂದ ಕೊಳ್ಳಿ. ಬೇಟೆಗಾರ ಗೆಳೆಯನ ಉಡುಗೊರೆಯಾದರೆ ಪರೀಕ್ಷೆಯಾಗಿದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಕರಡಿ ಮಾಂಸ ಸಿಕ್ಕರೆ ಇನ್ನೂ ಎಚ್ಚರ ಬೇಕು. ಉತ್ತರ ಧ್ರುವದ ಕಡೆಯ ಟ್ರೈಕಿನೆಲ್ಲ ತಳಿ ಫ್ರೀಜರಿನ ಚಳಿಗೂ ಸಾಯುವುದಿಲ್ಲ, ಪೂರ್ತಿ ಬೇಯಿಸಲೇಬೇಕು. ಕೀಟಗಳ ಬಗ್ಗೆ ಒಂದೇ ಮಾತು: ಮಲೆನಾಡಿನ ಚಿಗಳಿ ಎಂಬ ಕೆಂಪಿರುವೆಯ ಚಟ್ನಿ ತಿಂದವರಿಗೆ ಹುರಿದ ಮಿಡತೆ ದೊಡ್ಡದಲ್ಲ, ಆದರೆ ಸೀಗಡಿ ಅಲರ್ಜಿ ಇದ್ದವರಿಗೆ ಮಿಡತೆಯೂ ಅಲರ್ಜಿ ತರಬಹುದು.

ನಿಮ್ಮ ಹೆಂಡತಿಯ ವಿಷಯದಲ್ಲಿ ಮಾತ್ರ ನಾನು ಸಡಿಲ ಬಿಡುವುದಿಲ್ಲ. ಹಸಿ ಮಾಂಸ ಯಾವ ರೂಪದಲ್ಲೂ ಬೇಡ: ಮೆಟ್, ಟಾರ್ಟಾರ್, ಒಳಗೆ ಕೆಂಪಾಗಿರುವ ಸ್ಟೇಕ್, ಸಲಾಮಿ, ಒಣಗಿಸಿದ ಹಸಿ ಹ್ಯಾಮ್. ಉಪ್ಪು ಹಾಕಿ ಒಣಗಿಸಿದ್ದೆಂದರೆ ಬೇಯಿಸಿದ್ದು ಎಂದಲ್ಲ. ಟಾಕ್ಸೊಪ್ಲಾಸ್ಮ, ಲಿಸ್ಟೀರಿಯ ಎಂಬ ಬ್ಯಾಕ್ಟೀರಿಯಾ ಎರಡೂ ತಾಯಿಗೆ ಸಣ್ಣ ಜ್ವರದಂತೆ ಬಂದು ಹೋಗಿ ಮಗುವಿಗೆ ದೊಡ್ಡ ಹಾನಿ ಮಾಡಬಲ್ಲವು. ಟಾಕ್ಸೊಪ್ಲಾಸ್ಮ ಹಿಂದೆಯೇ ಬಂದು ಹೋಗಿದೆಯೇ ಎಂಬುದನ್ನು ರಕ್ತ ಪರೀಕ್ಷೆ ತಿಳಿಸುತ್ತದೆ, ಅಲ್ಲಿನ ಸ್ತ್ರೀರೋಗ ವೈದ್ಯರನ್ನು ಮೊದಲ ಭೇಟಿಯಲ್ಲೇ ಕೇಳಿ. ನಮ್ಮ ಮನೆಗಳಲ್ಲಿ ರಕ್ತ ಹೆಚ್ಚಲೆಂದು ಬಸುರಿಗೆ ಈಲಿ ತಿನ್ನಿಸುವುದುಂಟು. ಈಲಿಯಲ್ಲಿ ವಿಟಮಿನ್ ಎ ತೀರ ಹೆಚ್ಚು, ಅತಿಯಾದರೆ ಮಗುವಿಗೆ ಒಳ್ಳೆಯದಲ್ಲ. ಲೆಬರ್‌ವುರ್ಸ್ಟ್ ಎಂದು ಬ್ರೆಡ್ಡಿಗೆ ಹಚ್ಚುವುದೂ ಈಲಿಯೇ, ಅದೂ ಬೇಡ. ಕಬ್ಬಿಣಕ್ಕೆ ವೈದ್ಯರು ಕೊಡುವ ಮಾತ್ರೆಯಿದೆ. ಬೇಟೆಯ ಮಾಂಸದಲ್ಲಿ ಸೀಸದ ಗುಂಡಿನ ಪುಡಿ ಉಳಿದಿರಬಹುದಾದ್ದರಿಂದ ಹೆರಿಗೆಯಾಗುವವರೆಗೆ ಅದನ್ನೂ ದೂರವಿಡಿ. ನೀವು ಮನೆಯಲ್ಲಿ ಹಸಿ ಮಾಂಸ ಹೆಚ್ಚಿದ ಹಲಗೆಯ ಮೇಲೆ ಅವರ ಸೌತೆಕಾಯಿ ಹೆಚ್ಚಬೇಡಿ. ಬೆಂಗಳೂರಿನಿಂದ ಬರುವಾಗ ಅವರು ಒಂದು ಕುಕ್ಕರ್ ತರಲಿ.

ಬೇಡವೆನ್ನುವುದು ಹೇಗೆ ಎಂದು ಅನೇಕರು ಒದ್ದಾಡುತ್ತಾರೆ. ಉದ್ದನೆಯ ವಿವರಣೆ ಕೊಡಬೇಡಿ, ಮುಖ ಹಿಂಡಬೇಡಿ. ‘ಇದು ನನಗೆ ಒಗ್ಗುವುದಿಲ್ಲ, ಥ್ಯಾಂಕ್ಸ್’ ಎಂದು ನಕ್ಕು ಪಕ್ಕದ ತಟ್ಟೆಗೆ ಕೈ ಹಾಕಿ. ಬರ್ಲಿನ್‌ನಲ್ಲಿ ಅರ್ಧ ಜನ ಒಂದಲ್ಲ ಒಂದನ್ನು ತಿನ್ನದವರೇ, ಯಾರೂ ತಪ್ಪು ತಿಳಿಯುವುದಿಲ್ಲ. ಪಂಥ ಕಟ್ಟಿ ತಿನ್ನಿಸುವವರ ಮುಂದೆ ಮಾತ್ರ ಯಾವ ಹೊಸ ಮಾಂಸವನ್ನೂ ತಿನ್ನಬೇಡಿ.

ಎಷ್ಟೇ ಎಚ್ಚರವಿದ್ದರೂ ಕಾಯಿಲೆ ಬಂದರೆ ಕೆಲವು ಲಕ್ಷಣಗಳು ತಿಳಿದಿರಲಿ. ಫುಗು ತಿಂದು ತುಟಿ, ನಾಲಿಗೆ ಜೋಮು ಹಿಡಿದರೆ ಆ ಕ್ಷಣವೇ ಆಂಬುಲೆನ್ಸ್ ಕರೆಯಿರಿ. ಭೇದಿಯಲ್ಲಿ ರಕ್ತ ಕಂಡು ಮೂತ್ರ ಕಡಿಮೆಯಾದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತಿರಬಹುದು, ಮನೆಯಲ್ಲಿರುವ ಆ್ಯಂಟಿಬಯೋಟಿಕ್ ನುಂಗದೆ ಆಸ್ಪತ್ರೆಗೆ ಹೋಗಿ. ಜ್ವರದ ಜೊತೆ ಕತ್ತು ಬಿಗಿದು ಕಿವಿ ಮಂದವಾದರೂ ಅಷ್ಟೇ. ಹಂದಿಯನ್ನೋ ಬೇಟೆಯ ಮಾಂಸವನ್ನೋ ತಿಂದ ಕೆಲವು ವಾರಗಳಲ್ಲಿ ಕಣ್ಣಿನ ರೆಪ್ಪೆ ಊದಿ ಮೈಕೈ ನೋಯುತ್ತಿದ್ದರೆ ಅದು ಟ್ರೈಕಿನೆಲ್ಲ ಇರಬಹುದು. ವೈದ್ಯರಿಗೆ ಏನು ತಿಂದಿರಿ, ಯಾವ ದೇಶದಲ್ಲಿ, ಯಾವತ್ತು ಎಂಬುದನ್ನು ನಾಚಿಕೆಯಿಲ್ಲದೆ ಹೇಳಿ. ಬರ್ಲಿನ್‌ನ ವೈದ್ಯರಿಗೆ ನೀವು ವಿಯೆಟ್ನಾಂನಲ್ಲಿ ತಿಂದದ್ದು ತಾನಾಗಿ ಹೊಳೆಯುವುದಿಲ್ಲ.

ಕೊನೆಗೆ ಸಾಮಾನಿನ ವಿಷಯ. ಹೆಂಡತಿ ಬರುವಾಗ ಅಮ್ಮ ಮಟನ್ ಉಪ್ಪಿನಕಾಯಿ, ತುಪ್ಪ ಕಟ್ಟಿಕೊಡುವ ಸಂಭವವಿದೆ. ಐರೋಪ್ಯ ಒಕ್ಕೂಟದ ಹೊರಗಿನಿಂದ ಪ್ರಯಾಣಿಕರು ಮಾಂಸದ ಮತ್ತು ಹಾಲಿನ ಪದಾರ್ಥಗಳನ್ನು ತರುವಂತಿಲ್ಲ, ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ಪ್ರಾಣಿಗಳ ಸಾಂಕ್ರಾಮಿಕ ರೋಗ ಗಡಿ ದಾಟದಿರಲಿ ಎಂಬುದು ಇದರ ಉದ್ದೇಶ. ಆಫ್ರಿಕನ್ ಹಂದಿ ಜ್ವರ 2020ರಲ್ಲಿ ಜರ್ಮನಿಯ ಕಾಡುಹಂದಿಗಳಿಗೆ ತಗುಲಿದಾಗಿನಿಂದ ಅವರಿಗೆ ಇದರ ಬಿಸಿ ಚೆನ್ನಾಗಿ ಗೊತ್ತು. ನೀವು ರಜೆಗೆ ಬೆಂಗಳೂರಿಗೆ ಬರುವಾಗಲೂ ಸಾಸೇಜ್ ಹೊತ್ತು ತರಬೇಡಿ, ಮಾಂಸದ ಪದಾರ್ಥಗಳನ್ನು ಭಾರತಕ್ಕೆ ತರಲು ಪರವಾನಗಿ ಬೇಕು. ಅಮ್ಮನಿಗೆ ಮನೆಯಲ್ಲಿ ಹುರಿದು ಪುಡಿ ಮಾಡಿದ ಧನಿಯ, ಒಣಮೆಣಸಿನಕಾಯಿ, ಚಕ್ಕೆ, ಲವಂಗದ ಮಸಾಲೆ ಕಳುಹಿಸಲು ಹೇಳಿ. ತುರ್ಕಿ ಅಂಗಡಿಯಿಂದ ತಂದ ಕುರಿಕಾಲಿಗೆ ಅದು ಸಾಕು.